ಹುಬ್ಬಳ್ಳಿಯಿಂದ ಹೊರಟ ನೂರು ಫೋಟಾನುಗಳಲ್ಲಿ ಗದಗ ಮುಟ್ಟುವುದು ಆರು

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಈ ಸಲ ಕ್ವಾಂಟಮ್ ನೆಟ್‌ವರ್ಕಿಂಗ್‌ನಲ್ಲಿ ಪಿಎಚ್‌.ಡಿ. ಮಾಡುವ ಬಗ್ಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳು. ಒಂದೇ ತೆರನಾದವನ್ನು ಕೂಡಿಸಿಕೊಂಡಿದ್ದೇವೆ.

ಪ್ರಶ್ನೆ: ಗದಗದಲ್ಲಿ ಬಿ.ಎಸ್‌ಸಿ. ಮುಗಿಸಿ ಧಾರವಾಡದಲ್ಲಿ ಎಂ.ಎಸ್‌ಸಿ. ಭೌತವಿಜ್ಞಾನ ಓದುತ್ತಿದ್ದೇನೆ. ಕ್ವಾಂಟಮ್ ಕಂಪ್ಯೂಟರ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕ್ವಾಂಟಮ್ ನೆಟ್‌ವರ್ಕ್ ಅಂದರೆ ಅದೇನಾ? ಅದರಲ್ಲಿ ಸಂಶೋಧನೆಗೆ ಇನ್ನೂ ಏನು ಉಳಿದಿದೆ?
– ವಿದ್ಯಾರ್ಥಿನಿ, ಗದಗ

ಉತ್ತರ: ಅದಲ್ಲ. ಕ್ವಾಂಟಮ್ ಕಂಪ್ಯೂಟರಿನ ಕೆಲಸ ಲೆಕ್ಕ ಮಾಡುವುದು. ನೆಟ್‌ವರ್ಕಿನ ಕೆಲಸ ಎರಡು ಊರುಗಳಲ್ಲಿರುವ ಎರಡು ಕಣಗಳನ್ನು ಒಂದಕ್ಕೊಂದು ತಳುಕು ಹಾಕಿ, ಆ ತಳುಕನ್ನು ಬೇಕಾದವರ ಕೈಗೆ ಒಪ್ಪಿಸುವುದು. ಎಂಟ್ಯಾಂಗಲ್‌ಮೆಂಟ್ ಎನ್ನುವುದನ್ನೇ ನಾವಿಲ್ಲಿ ತಳುಕು ಎನ್ನುತ್ತಿದ್ದೇವೆ. ಗುಪ್ತಕೀಲಿ ಹಂಚುವುದು, ದೂರದ ಎರಡು ಕ್ವಾಂಟಮ್ ಕಂಪ್ಯೂಟರುಗಳನ್ನು ಕೂಡಿಸುವುದು, ಬೇರೆ ಬೇರೆ ಕಡೆಯ ಗಡಿಯಾರಗಳನ್ನು ಹೊಂದಿಸುವುದು, ಎಲ್ಲವೂ ಆ ತಳುಕಿನ ಮೇಲೆ ನಡೆಯುವ ವ್ಯವಹಾರ.

ಏನು ಉಳಿದಿದೆ ಎಂದು ತಿಳಿಯಲು ಒಂದು ಲೆಕ್ಕ ಸಾಕು. 1550 ನ್ಯಾನೋಮೀಟರ್ ತರಂಗಾಂತರದ ಬೆಳಕು ಒಳ್ಳೆಯ ಗಾಜಿನ ಫೈಬರಿನಲ್ಲಿ ಕಿಲೋಮೀಟರಿಗೆ 0.2 ಡೆಸಿಬೆಲ್ ಸೋರುತ್ತದೆ (10 ಡೆಸಿಬೆಲ್ ಸೋರಿದರೆ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ). ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿ.ಮೀ. ಹಿಡಿದರೆ 4 ಡೆಸಿಬೆಲ್. ನೂರು ಫೋಟಾನು, ಅಂದರೆ ಬೆಳಕಿನ ಕಣ, ಹೊರಟರೆ ನಲವತ್ತು ಮುಟ್ಟುತ್ತವೆ. ಗದಗಕ್ಕೆ 60 ಕಿ.ಮೀ., 12 ಡೆಸಿಬೆಲ್, ಮುಟ್ಟುವುದು ಆರು. ಹಾವೇರಿಗೆ 75 ಕಿ.ಮೀ., ಮುಟ್ಟುವುದು ಮೂರು. ಬೆಂಗಳೂರಿಗೆ 400 ಕಿ.ಮೀ. ಎಂದರೆ 80 ಡೆಸಿಬೆಲ್, ಹತ್ತು ಕೋಟಿಗೆ ಒಂದು. ಇದೂ ಪ್ರಯೋಗಶಾಲೆಯ ಗಾಜಿನ ಮಾತು. ನೆಲದಡಿಯ ಓಎಫ್‌ಸಿ ಕೇಬಲಿನಲ್ಲಿ ಬೆಸುಗೆ, ಕನೆಕ್ಟರು, ಬಾಗು ಎಲ್ಲ ಸೇರಿ ಕಿಲೋಮೀಟರಿಗೆ 0.25 ಅಥವಾ ಅದಕ್ಕೂ ಹೆಚ್ಚು ಹಿಡಿಯಬೇಕು.

ಸಾಮಾನ್ಯ ಇಂಟರ್ನೆಟ್ಟಿಗೂ ಇದೇ ಸೋರಿಕೆ ಇದೆ. ಆದರೆ ಅಲ್ಲಿ ದಾರಿಯುದ್ದಕ್ಕೂ ಆಂಪ್ಲಿಫೈಯರ್ ಇಟ್ಟು ಬೆಳಕನ್ನು ಹಿಗ್ಗಿಸಿಕೊಳ್ಳುತ್ತಾರೆ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯ ತದ್ರೂಪು ಮಾಡಲು ಬರುವುದಿಲ್ಲ ಎಂಬುದು 1982ರಲ್ಲಿ ಸಿದ್ಧವಾದ ಪ್ರಮೇಯ. ಹಾಗಾಗಿ ಆಂಪ್ಲಿಫೈಯರಿನ ದಾರಿ ಇಲ್ಲಿ ಮುಚ್ಚಿದೆ. ಸೆಕೆಂಡಿಗೆ 100 ಕೋಟಿ ಫೋಟಾನು ಕಳಿಸಿದರೂ ಬೆಂಗಳೂರಿಗೆ ಸೆಕೆಂಡಿಗೆ ಹತ್ತು ಮುಟ್ಟುತ್ತವೆ. ಸಾವಿರ ಕಿಲೋಮೀಟರಿಗೆ ಇದೇ ಲೆಕ್ಕ ಹಾಕಿ ನೋಡಿ: ಒಂದು ಫೋಟಾನಿಗೆ ಮೂರು ಸಾವಿರ ವರ್ಷ ಮೀರಿ ಕಾಯಬೇಕು.

ಇದಕ್ಕೆ ಮದ್ದು ಕ್ವಾಂಟಮ್ ರಿಪೀಟರ್. ದಾರಿಯನ್ನು ಸಣ್ಣ ತುಂಡುಗಳಾಗಿ ಕಡಿದು, ಪ್ರತಿ ತುಂಡಿನ ಎರಡೂ ತುದಿಗೆ ತಳುಕು ಹಾಕಿ, ಅದನ್ನು ಮೆಮೊರಿಯಲ್ಲಿ, ಅಂದರೆ ಕ್ವಾಂಟಮ್ ಸ್ಥಿತಿಯನ್ನು ಕೆಲ ಹೊತ್ತು ಕಾಪಾಡುವ ಸಾಧನದಲ್ಲಿ, ಹಿಡಿದಿಟ್ಟು, ನಡುವಿನ ನಿಲ್ದಾಣದಲ್ಲಿ ಎರಡು ತುಂಡುಗಳನ್ನು ಬೆಸೆಯುವುದು. ಈ ಬೆಸುಗೆಗೆ ಸ್ವಾಪ್ ಎನ್ನುತ್ತಾರೆ. ಬಾಯಲ್ಲಿ ಹೇಳುವಷ್ಟು ಸಲೀಸಲ್ಲ. ಪ್ರತಿ ತುಂಡಿನ ಫಿಡೆಲಿಟಿ, ಅಂದರೆ ತಳುಕಿನ ಶುದ್ಧತೆ, 0.90 ಇದ್ದು, ಗದ್ದಲ (ನಾಯ್ಸ್) ಎಲ್ಲ ದಿಕ್ಕಿಗೂ ಸಮನಾಗಿದೆ ಎಂದಿಟ್ಟುಕೊಳ್ಳಿ. ಎರಡು ತುಂಡು ಬೆಸೆದರೆ 0.81, ನಾಲ್ಕು ಬೆಸೆದರೆ 0.67, ಎಂಟು ಬೆಸೆದರೆ 0.49. 0.5ಕ್ಕೆ ಇಳಿದರೆ ತಳುಕೇ ಉಳಿದಿಲ್ಲ ಎಂದರ್ಥ. 50 ಕಿ.ಮೀ.ಯ ಎಂಟು ತುಂಡು ಮಾಡಿಕೊಂಡು ಬೆಂಗಳೂರು ಮುಟ್ಟಿದವರ ಕೈಯಲ್ಲಿ ಕೊನೆಗೆ ಏನೂ ಇರುವುದಿಲ್ಲ. ತುಂಡಿನ ಫಿಡೆಲಿಟಿ 0.98 ಇದ್ದರೆ ಎಂಟರ ನಂತರವೂ 0.85 ಉಳಿಯುತ್ತದೆ. ಈ 0.90ರಿಂದ 0.98ಕ್ಕೆ ಏರುವ ಹಾದಿಯಲ್ಲೇ ಎಷ್ಟೋ ಜನರ ಪಿಎಚ್‌.ಡಿ. ನಡೆದಿದೆ.

ಭೌತವಿಜ್ಞಾನದವರಿಗೆ ಅತಿ ಹೆಚ್ಚು ಕೆಲಸ ಇರುವುದು ಮೆಮೊರಿಯಲ್ಲಿ ಮತ್ತು ತರಂಗಾಂತರ ಬದಲಿಸುವುದರಲ್ಲಿ. ರುಬಿಡಿಯಮ್ ಪರಮಾಣುಗಳ ಮೆಮೊರಿ 780 ಅಥವಾ 795 ನ್ಯಾನೋಮೀಟರಿನಲ್ಲಿ ಕೆಲಸ ಮಾಡುತ್ತದೆ. ಆ ಬೆಳಕು ಫೈಬರಿನಲ್ಲಿ ಕಿಲೋಮೀಟರಿಗೆ 3 ಡೆಸಿಬೆಲ್ಲಿಗೂ ಹೆಚ್ಚು ಸೋರುತ್ತದೆ. ಗದಗ ಹಾಗಿರಲಿ, ಅಣ್ಣಿಗೇರಿ ಮುಟ್ಟುವುದೂ ಆಗದ ಮಾತು. ಹೀಗಾಗಿ ಲಿಥಿಯಮ್ ನಿಯೋಬೇಟ್ ಹರಳಿನಲ್ಲಿ ಬಲವಾದ ಪಂಪ್ ಲೇಸರ್ ಕೂಡಿಸಿ ಅದನ್ನು 1550ರ ಆಸುಪಾಸಿಗೆ ತರುತ್ತಾರೆ. ಆಗ ಪಂಪ್ ಲೇಸರೇ ಬೇಡದ ಫೋಟಾನುಗಳನ್ನು ಎಬ್ಬಿಸಿ ನಿಮ್ಮ ಒಂಟಿ ಫೋಟಾನನ್ನು ಮುಳುಗಿಸಿಬಿಡುತ್ತದೆ. ಕಿರಿದಾದ ಫಿಲ್ಟರ್ ಹಾಕಿದರೆ ಗದ್ದಲ ತಗ್ಗುತ್ತದೆ, ಜೊತೆಗೆ ಬೇಕಾದ ಫೋಟಾನೂ ಕಡಿಮೆಯಾಗುತ್ತದೆ. ಎರ್ಬಿಯಮ್ ಬೆರೆತ ಹರಳು ನೇರವಾಗಿ 1530ರ ಸುತ್ತ ಕೆಲಸ ಮಾಡುವುದರಿಂದ ಈ ಬದಲಾವಣೆಯ ರಗಳೆ ಇಲ್ಲ. ಆದರೆ ಅದಕ್ಕೆ ಕೆಲವೇ ಕೆಲ್ವಿನ್‌ನ ಅಥವಾ ಅದಕ್ಕೂ ಕೆಳಗಿನ ಚಳಿ ಬೇಕು.

ಗುಪ್ತಕೀಲಿ ಹಂಚಿಕೆಯನ್ನು, ಅಂದರೆ ಕ್ಯೂಕೆಡಿಯನ್ನು, ಇಡೀ ಕ್ವಾಂಟಮ್ ನೆಟ್‌ವರ್ಕ್ ಎಂದು ತಿಳಿಯಬೇಡಿ. ಅದು ಮೊದಲ ಮೆಟ್ಟಿಲು, ಈಗಾಗಲೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದಾರೆ. (ಅದರ ಮೂಲ ವಿಧಾನ ಬಿಬಿ84 ಅನ್ನು ಚಾರ್ಲ್ಸ್ ಬೆನೆಟ್, ಜೀಲ್ ಬ್ರಸಾರ್ಡ್ 1984ರ ಡಿಸೆಂಬರಿನಲ್ಲಿ ಮಂಡಿಸಿದ್ದು ನಮ್ಮ ಬೆಂಗಳೂರಿನ ಒಂದು ಸಮ್ಮೇಳನದಲ್ಲಿ.) ಇಂದಿನ ಉದ್ದ ದಾರಿಗಳಲ್ಲಿ ಪ್ರತಿ ನಿಲ್ದಾಣದಲ್ಲೂ ಕೀಲಿ ಬಿಚ್ಚಿಕೊಳ್ಳುತ್ತದೆ. ದಾವಣಗೆರೆಯಲ್ಲಿ ಪೆಟ್ಟಿಗೆ ಕಾಯುವವನನ್ನು ನಂಬಲೇಬೇಕು. ಯಾರನ್ನೂ ನಂಬದೆ ನಡೆಯುವ ನೆಟ್‌ವರ್ಕು ಬೇಕೆಂದರೆ ತಳುಕು, ಮೆಮೊರಿ, ಸ್ವಾಪ್ ಬೇಕು. ನಮ್ಮ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿನ ಗುರಿಗಳಲ್ಲೂ ಎರಡೂ ಇವೆ: 2,000 ಕಿ.ಮೀ. ವರೆಗೆ ಊರಿಂದೂರಿಗೆ ಕ್ಯೂಕೆಡಿ ಒಂದು ಕಡೆ, ಮೆಮೊರಿ ಇರುವ ಬಹುನಿಲ್ದಾಣದ ನೆಟ್‌ವರ್ಕು ಇನ್ನೊಂದು ಕಡೆ. ಗೈಡನ್ನು ಹುಡುಕುವ ಮೊದಲು ನಿಮಗೆ ಬೇಕಾದದ್ದು ಇವೆರಡರಲ್ಲಿ ಯಾವುದು ಎಂದು ತೀರ್ಮಾನಿಸಿಕೊಳ್ಳಿ. ‘ಕ್ವಾಂಟಮ್’ ಎಂಬ ಹೆಸರು ನೋಡಿ ಸೇರಿದವರು ಎರಡನೇ ವರ್ಷದಲ್ಲಿ ತೊಳಲಾಡುವುದು ಇಲ್ಲೇ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬಿ.ಇ. ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ. ಭೌತವಿಜ್ಞಾನ ಮೊದಲ ವರ್ಷದಲ್ಲಿ ಓದಿದ್ದಷ್ಟೇ. ನಮ್ಮಂಥವರಿಗೆ ಈ ಕ್ಷೇತ್ರದಲ್ಲಿ ಜಾಗ ಇದೆಯೇ? ಪ್ರಾಜೆಕ್ಟ್ ಏನು ಮಾಡಲಿ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇದೆ, ಮತ್ತು ಅದು ಯಾರೋ ಬಿಟ್ಟುಕೊಟ್ಟ ಮೂಲೆ ಜಾಗವಲ್ಲ. ಯಾವ ತುಂಡನ್ನು ಮೊದಲು ಕಟ್ಟಬೇಕು, ಎಷ್ಟು ಹೊತ್ತು ಕಾಯಬೇಕು, ಯಾವ ಮೆಮೊರಿಯನ್ನು ಯಾರಿಗೆ ಕೊಡಬೇಕು ಎನ್ನುವುದೆಲ್ಲ ನೆಟ್‌ವರ್ಕ್ ಎಂಜಿನಿಯರರ ಪ್ರಶ್ನೆಗಳು. ನ್ಯಾನೋಸೆಕೆಂಡಿಗಿಂತ ನಿಖರವಾಗಿ ಎರಡು ಊರಿನ ಸಮಯ ಹೊಂದಿಸುವುದು, ಫೋಟಾನು ಬಿದ್ದಾಗ ಡಿಟೆಕ್ಟರು ಕೊಡುವ ಸಂಕೇತವನ್ನು ಎಫ್‌ಪಿಜಿಎಯಲ್ಲಿ (ಬೇಕಾದಂತೆ ಮರುಜೋಡಿಸಬಲ್ಲ ಚಿಪ್ಪು) ಎಣಿಸುವುದು ನೇರವಾಗಿ ಎಲೆಕ್ಟ್ರಾನಿಕ್ಸ್. ಬೇಕಾದ ಗಣಿತ ರೇಖೀಯ ಬೀಜಗಣಿತ ಮತ್ತು ಸಂಭಾವ್ಯತೆ. ಡೆನ್ಸಿಟಿ ಮ್ಯಾಟ್ರಿಕ್ಸ್, ಬೆಲ್ ಸ್ಥಿತಿಗಳು, ಟೆಲಿಪೋರ್ಟೇಶನ್ ಇವಿಷ್ಟನ್ನು ಕೈಯಲ್ಲಿ ಬರೆದು ಸಾಧಿಸುವಷ್ಟು ಆದರೆ ಶುರುಮಾಡಬಹುದು. ಮೂರ್ನಾಲ್ಕು ತಿಂಗಳ ಶ್ರಮ.

ಪ್ರಾಜೆಕ್ಟಿಗೆ ನಿಮ್ಮ ಊರನ್ನೇ ತೆಗೆದುಕೊಳ್ಳಿ. ಮೂರು ನಿಲ್ದಾಣ: ಧಾರವಾಡ, ಹುಬ್ಬಳ್ಳಿ, ಗದಗ. ಹುಬ್ಬಳ್ಳಿ ನಡುವಿನ ರಿಪೀಟರ್. ಪ್ರತಿ ತುಂಡಿನಲ್ಲೂ ಎರಡು ತುದಿಯ ಮೆಮೊರಿಗಳು ಒಂದೊಂದು ಫೋಟಾನು ಬಿಡುತ್ತವೆ, ಅವು ನಟ್ಟನಡುವೆ ಕೂಡುತ್ತವೆ, ಅಲ್ಲಿ ಎರಡನ್ನೂ ಒಟ್ಟಿಗೆ ಅಳೆದು ಮೆಮೊರಿಗಳಿಗೆ ತಳುಕು ಹಾಕುವ ಬೆಲ್ ಮಾಪನ ನಡೆಯುತ್ತದೆ. ಮೆಮೊರಿಯಿಂದ ಫೋಟಾನು ಹೊರಬಂದು ಫೈಬರಿಗೆ ಸೇರುವ ಸಂಭವ 30%, ಡಿಟೆಕ್ಟರಿನ ಕ್ಷಮತೆ 80%, ಬರೀ ಕನ್ನಡಿ–ಬೀಮ್ ಸ್ಪ್ಲಿಟರ್ ಬಳಸಿದ ಬೆಲ್ ಮಾಪನಕ್ಕೆ ಗೆಲುವಿನ ಮಿತಿ 50%.

ಗದಗದ 60 ಕಿ.ಮೀ.ಗೆ ಲೆಕ್ಕ ಹೀಗೆ: 0.063 (ಫೈಬರ್) × 0.64 (ಎರಡು ಡಿಟೆಕ್ಟರು) × 0.5 (ಬೆಲ್ ಮಾಪನ) × 0.09 (ಎರಡು ಮೆಮೊರಿ), ಅಂದರೆ ಒಂದು ಪ್ರಯತ್ನಕ್ಕೆ ಗೆಲುವು ಸುಮಾರು 0.0018. ಫೈಬರಿನಲ್ಲಿ ಬೆಳಕಿಗೆ ಕಿಲೋಮೀಟರಿಗೆ 5 ಮೈಕ್ರೋಸೆಕೆಂಡು ಬೇಕು. 30 ಕಿ.ಮೀ. ಹೋಗಿ, ‘ಆಯಿತು’ ಅಥವಾ ‘ಆಗಲಿಲ್ಲ’ ಎಂಬ ಸುದ್ದಿ ತಿರುಗಿ ಬರಲು 300 ಮೈಕ್ರೋಸೆಕೆಂಡು. ಒಂದು ಸಲಕ್ಕೆ ಒಂದೇ ಪ್ರಯತ್ನ ಮಾಡಬಲ್ಲ ಮೆಮೊರಿಯಾದರೆ ಸೆಕೆಂಡಿಗೆ 3,333 ಪ್ರಯತ್ನ, ಗೆಲುವು ಆರು. ಸರಾಸರಿ ಕಾಯುವಿಕೆ 165 ಮಿಲಿಸೆಕೆಂಡು. ಧಾರವಾಡದ 20 ಕಿ.ಮೀ.ಗೆ ಇದೇ ಲೆಕ್ಕದಲ್ಲಿ ಸೆಕೆಂಡಿಗೆ 115 ಗೆಲುವು, ಕಾಯುವಿಕೆ ಬರೀ 9 ಮಿಲಿಸೆಕೆಂಡು.

ಎರಡೂ ಕಡೆ ಒಟ್ಟಿಗೆ ಶುರುಮಾಡಿದರೆ ಏನಾಗುತ್ತದೆ? ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಬೇಗ ಬಂದವನು ಹುಬ್ಬಳ್ಳಿಯಲ್ಲಿ ಗದಗದ ಬಸ್ಸಿಗೆ ಕಾಯುತ್ತ ಕೂತ ಹಾಗೆ, ಧಾರವಾಡದ ತಳುಕು ನೂರೈವತ್ತು ಮಿಲಿಸೆಕೆಂಡು ಮೆಮೊರಿಯಲ್ಲಿ ಕೊಳೆಯುತ್ತದೆ. ಮೆಮೊರಿಯ ಆಯುಷ್ಯ 10 ಮಿಲಿಸೆಕೆಂಡು ಇದ್ದರೆ ಸ್ವಾಪ್ ಮಾಡುವ ಹೊತ್ತಿಗೆ ಅಲ್ಲಿ ತಳುಕೇ ಇಲ್ಲ. ಹಾಗಾದರೆ ಗದಗದ ತುಂಡನ್ನು ಮೊದಲು ಕಟ್ಟಿ, ಅದು ಗೆದ್ದ ಮೇಲೆ ಧಾರವಾಡದ್ದು ಶುರುಮಾಡಿ. ಕಾಯುವಿಕೆ 9 ಮಿಲಿಸೆಕೆಂಡಿಗೆ ಇಳಿಯುತ್ತದೆ, ಒಟ್ಟು ವೇಗ ಹೆಚ್ಚೇನೂ ಕುಗ್ಗುವುದಿಲ್ಲ. ಆಯುಷ್ಯದಷ್ಟೇ ಕಾಯುವುದು ಕೂಡ ಹೆಚ್ಚೇ, ಅರ್ಧಕ್ಕಿಂತ ಹೆಚ್ಚು ಹಾಳಾಗಿರುತ್ತದೆ. ಧಾರವಾಡದ ಕಡೆ ಹತ್ತು ಮೆಮೊರಿ ಇಟ್ಟು ಒಟ್ಟಿಗೆ ಪ್ರಯತ್ನಿಸಿದರೆ 0.9 ಮಿಲಿಸೆಕೆಂಡು, ಆಗ ಕೆಲಸಕ್ಕೆ ಬರುತ್ತದೆ. ಇನ್ನೊಂದು ಉಪಾಯ, ಇಷ್ಟು ಹೊತ್ತಾದರೂ ಜೋಡಿ ಸಿಗದಿದ್ದರೆ ಹಳೆಯದನ್ನು ಚೆಲ್ಲಿ ಹೊಸದಾಗಿ ಶುರುಮಾಡುವ ಗಡುವು ಇಡುವುದು. ಆ ಗಡುವು ಎಷ್ಟಿರಬೇಕು? ಬೇಗ ಚೆಲ್ಲಿದರೆ ಎಂದೂ ಜೋಡಿ ಆಗುವುದಿಲ್ಲ, ತಡವಾದರೆ ಫಿಡೆಲಿಟಿ ಹೋಗುತ್ತದೆ. ಮೂರು ನಿಲ್ದಾಣಕ್ಕೆ ಕಾಗದದ ಮೇಲೆ ಉತ್ತರ ಸಿಗುತ್ತದೆ. ಹತ್ತು ನಿಲ್ದಾಣ, ಐವತ್ತು ಗಿರಾಕಿ ಆದಾಗ ಅದು ಪಿಎಚ್‌.ಡಿ. ಪ್ರಶ್ನೆ.

ಮೊದಲು ಇದನ್ನು ಸಿದ್ಧ ಸಿಮ್ಯುಲೇಟರ್ ಇಲ್ಲದೆ, ಪೈಥಾನ್‌ನಲ್ಲಿ ನೂರು ಸಾಲಿನಲ್ಲಿ ನೀವೇ ಬರೆಯಿರಿ. ಕೈಲೆಕ್ಕದ 165 ಮತ್ತು 9 ಬಂದರೆ ಮಾತ್ರ ಮುಂದಿನ ಹೆಜ್ಜೆ. ಆಮೇಲೆ ಸೀಕ್ವೆನ್ಸ್ ಎಂಬ ಮುಕ್ತ ಸಿಮ್ಯುಲೇಟರಿಗೋ, ನೋಂದಣಿ ಮಾಡಿಕೊಂಡು ಪಡೆಯುವ ನೆಟ್‌ಸ್ಕ್ವಿಡ್‌ಗೋ ಹೋಗಿ. ಎಡವುವುದು ಹೆಚ್ಚಾಗಿ ಅಳತೆಯ ಮಾನಗಳಲ್ಲಿ. ಸೀಕ್ವೆನ್ಸ್‌ನಲ್ಲಿ ಸಮಯ ಪಿಕೋಸೆಕೆಂಡಿನಲ್ಲಿ, ನೆಟ್‌ಸ್ಕ್ವಿಡ್‌ನಲ್ಲಿ ನ್ಯಾನೋಸೆಕೆಂಡಿನಲ್ಲಿ. ಸೀಕ್ವೆನ್ಸ್‌ನಲ್ಲಿ ಫೈಬರ್ ಸೋರಿಕೆಯನ್ನು ಮೀಟರಿಗೆ ಇಷ್ಟು ಎಂದು ಕೊಡಬೇಕು, ಅಂದರೆ 0.0002. ಅಭ್ಯಾಸಬಲದಿಂದ 0.2 ಬರೆದರೆ ಒಂದು ಫೋಟಾನೂ ಮುಟ್ಟುವುದಿಲ್ಲ, ದೋಷ ಎಲ್ಲಿದೆ ಎಂದು ವಾರಗಟ್ಟಲೆ ಹುಡುಕುತ್ತೀರಿ. ಎರಡನೇ ತಪ್ಪು, ಸುದ್ದಿ ತಿರುಗಿ ಬರುವ ಸಮಯವನ್ನು ಲೆಕ್ಕಕ್ಕೆ ಹಿಡಿಯದಿರುವುದು. ಸಂದರ್ಶನದಲ್ಲಿ ಬಲ್ಲವರು ಮೊದಲು ಕೇಳುವುದೇ ಅದನ್ನು.

ಇಂಟರ್ನೆಟ್ ಸಂಶೋಧನಾ ಕಾರ್ಯಪಡೆ 2023ರ ಮಾರ್ಚಿನಲ್ಲಿ ಹೊರತಂದ ಆರ್‌ಎಫ್‌ಸಿ 9340 ಎಂಬ ದಾಖಲೆ ಕ್ವಾಂಟಮ್ ಇಂಟರ್ನೆಟ್ಟಿನ ವಾಸ್ತು ತತ್ವಗಳನ್ನು ಎಂಜಿನಿಯರರ ಭಾಷೆಯಲ್ಲೇ ಹೇಳುತ್ತದೆ, ಪುಕ್ಕಟೆ ಸಿಗುತ್ತದೆ. ನಿಮ್ಮ ಹಿನ್ನೆಲೆಗೆ ಅದೇ ಒಳ್ಳೆಯ ಆರಂಭ.

ಪ್ರಶ್ನೆ: ನಮ್ಮ ಮಗಾ ಎಂ.ಎಸ್‌ಸಿ. ಮುಗಿಸ್ಯಾನ್ರಿ. ಇನ್ನೂ ಐದ್ ವರ್ಷ ಓದ್ತೀನಿ ಅಂತಾನ. ಮನಿ ನಡಸೂದು ಹ್ಯಾಂಗ್ರಿ? ಫೀ ಎಷ್ಟ್ ಆಗ್ತೈತಿ, ಯಾವ ಪರೀಕ್ಷಾ ಬರೀಬೇಕ್ರಿ?
– ರೈತರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಯಜಮಾನರೇ, ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ಸಿಗುವ ಫೆಲೋಶಿಪ್) ಸಿಕ್ಕರೆ ಮನೆಯಿಂದ ದುಡ್ಡು ಕೊಡುವ ಪ್ರಸಂಗ ಬಾರದು. 2023ರ ಜನವರಿ 1ರಿಂದ ಜಾರಿಯಲ್ಲಿರುವ ದರದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಹಾಸ್ಟೆಲ್ ಕೊಡದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಐಐಟಿ, ಐಐಎಸ್‌ಸಿಯಂಥ ಕಡೆ ಪೂರ್ಣಾವಧಿ ಸೀಟಿನ ಜೊತೆಗೆ ಸಾಮಾನ್ಯವಾಗಿ ಸಂಸ್ಥೆಯೇ ಫೆಲೋಶಿಪ್ ಕೊಡುತ್ತದೆ, ಫೀ ಮತ್ತು ಮೆಸ್ ಖರ್ಚು ಅದರಲ್ಲೇ ನೀಗುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಸೀಟು ಬೇರೆ, ಫೆಲೋಶಿಪ್ ಬೇರೆ. ಸೀಟು ಸಿಕ್ಕಿತೆಂದು ಸೇರಿ, ಕೈಯಲ್ಲಿ ಜೆಆರ್‌ಎಫ್ ಇಲ್ಲದೆ ಒದ್ದಾಡುವವರು ಬಹಳ. ಜೆಆರ್‌ಎಫ್ ಇದ್ದರೂ ಮೊದಲ ಕಂತು ಬರುವುದು ತಡವಾಗಬಹುದು. ನಾಲ್ಕು ತಿಂಗಳ ಖರ್ಚಿನ ಹಣ ಕೈಯಲ್ಲಿರಲಿ.

ಪರೀಕ್ಷೆಗಳಲ್ಲಿ ಮುಖ್ಯವಾದದ್ದು ಜೆಆರ್‌ಎಫ್ ಕೊಡಿಸುವ, ವರ್ಷಕ್ಕೆ ಎರಡು ಸಲ ನಡೆಯುವ ಸಿಎಸ್‌ಐಆರ್–ಯುಜಿಸಿ ನೆಟ್. ಭೌತವಿಜ್ಞಾನದ ಪತ್ರಿಕೆ 200 ಅಂಕದ್ದು, 3 ತಾಸು. ಎ ಭಾಗದಲ್ಲಿ 20ರಲ್ಲಿ 15, ಬಿ ಭಾಗದಲ್ಲಿ 25ರಲ್ಲಿ 20, ಸಿ ಭಾಗದಲ್ಲಿ 30ರಲ್ಲಿ 20 ಪ್ರಶ್ನೆ ಬರೆಯಬೇಕು. ಒಟ್ಟು ಅಂಕದ ಅರ್ಧ, ಅಂದರೆ 100, ಸಿ ಭಾಗದ್ದೇ. ಗೇಟ್ ಪರೀಕ್ಷೆ ಫೆಬ್ರುವರಿ ಸುಮಾರಿಗೆ ನಡೆಯುತ್ತದೆ, ಅದರ ಅಂಕ ಮೂರು ವರ್ಷ ಚಾಲ್ತಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಂಥವು ಜೆಸ್ಟ್ ಪರೀಕ್ಷೆಯನ್ನೂ ನೋಡುತ್ತವೆ. ಮೂರಕ್ಕೂ ಓದುವುದು ಹೆಚ್ಚುಕಡಿಮೆ ಒಂದೇ, ಮೂರೂ ಬರೆಯಲಿ. ಜೆಆರ್‌ಎಫ್ ತಪ್ಪಿದರೂ ನೆಟ್‌ನಲ್ಲಿ ‘ಪಿಎಚ್‌.ಡಿ.ಗೆ ಅರ್ಹ’ ಎಂಬ ದರ್ಜೆ 2024ರಿಂದ ಇದೆ. ಅದು ಒಂದು ವರ್ಷ ಮಾತ್ರ ಚಾಲ್ತಿ, ಪ್ರವೇಶದಲ್ಲಿ ನೆಟ್ ಅಂಕಕ್ಕೆ 70%, ಸಂದರ್ಶನಕ್ಕೆ 30% ತೂಕ.

ಒಂದು ಕಾಗದದ ಮಾತು. ರಾಜ್ಯದ 2ಎ, 3ಎ, 3ಬಿ ಪಟ್ಟಿಯೇ ಬೇರೆ, ಕೇಂದ್ರದ ಓಬಿಸಿ ಪಟ್ಟಿಯೇ ಬೇರೆ. ಇಲ್ಲಿ ಮೀಸಲಾತಿ ಇದೆಯೆಂದು ಅಲ್ಲಿ ಓಬಿಸಿ ಎಂದು ತುಂಬಿ, ಪ್ರವೇಶದ ದಿನ ಅರ್ಜಿ ತಿರಸ್ಕಾರವಾದರೆ ವರ್ಷವೇ ಹೋಗುತ್ತದೆ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರು ನೋಡಿ, ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಪ್ರಮಾಣಪತ್ರ ಮಾಡಿಸಿ.

ಪ್ರಶ್ನೆ: ಬಿ.ಎಸ್‌ಸಿ. ಎರಡನೇ ವರ್ಷದಲ್ಲಿದ್ದೇನೆ. ಈಗಿಂದಲೇ ದಾರಿ ಇದೆಯೇ?
– ರಾಣೆಬೆನ್ನೂರು

ಉತ್ತರ: ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಿರಿ. ಐಐಟಿಗಳ ಎಂ.ಎಸ್‌ಸಿ., ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌.ಡಿ. ಎರಡಕ್ಕೂ ಅದು ಬಾಗಿಲು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೈಕೆಲ್ಸನ್ ಇಂಟರ್‌ಫೆರೋಮೀಟರ್ ಇದ್ದರೆ, ಗೆರೆಗಳು ಅಲುಗಾಡದೆ ನಿಲ್ಲುವವರೆಗೆ ಕೈ ಪಳಗಿಸಿ. ಮುಂದೆ ಅದೇ ಕೆಲಸ.

ಪ್ರಶ್ನೆ: ಧಾರವಾಡದಲ್ಲೇ ಐಐಟಿ ಇದೆ, ಕರ್ನಾಟಕ ವಿಶ್ವವಿದ್ಯಾಲಯ ಇದೆ. ಇಲ್ಲೇ ಮಾಡಬಹುದೋ, ಹೊರಗೆ ಹೋಗಬೇಕೋ? ಗೈಡಿಗೆ ಪತ್ರ ಬರೆದರೆ ಉತ್ತರವೇ ಬರುವುದಿಲ್ಲವಲ್ಲ?
– ಸಪ್ತಾಪುರ, ಧಾರವಾಡ

ಉತ್ತರ: ಯಾವ ಕೆಲಸ ಎನ್ನುವುದರ ಮೇಲೆ ನಿಂತಿದೆ. ಸಿದ್ಧಾಂತ, ಪ್ರೋಟೋಕಾಲ್, ಸಿಮ್ಯುಲೇಶನ್, ಕೋಡಿಂಗ್, ಗುಪ್ತಲಿಪಿ ಇವುಗಳಿಗೆ ಬೇಕಾದದ್ದು ಒಳ್ಳೆಯ ಗೈಡ್ ಮತ್ತು ಕಂಪ್ಯೂಟರ್. ಚಿಕ್ಕಮಲ್ಲಿಗವಾಡದ ಐಐಟಿ, ಐಐಐಟಿ ಧಾರವಾಡ, ಕರ್ನಾಟಕ ವಿಶ್ವವಿದ್ಯಾಲಯ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇವುಗಳ ಅಧ್ಯಾಪಕರ ಪುಟಗಳನ್ನು ಒಂದೊಂದಾಗಿ ತೆರೆದು, ಕಳೆದ ಮೂರು ವರ್ಷದ ಪ್ರಬಂಧಗಳ ಹೆಸರು ಓದಿ. ‘ಆಸಕ್ತಿಯ ವಿಷಯ’ ಎಂಬ ಕಡೆ ಬರೆದದ್ದನ್ನು ನಂಬಬೇಡಿ, ಪ್ರಬಂಧಗಳನ್ನು ನಂಬಿ. ಹೊರಗಿನ ಸಂಸ್ಥೆಯವರನ್ನು ಸಹ-ಗೈಡ್ ಮಾಡಿಕೊಳ್ಳುವ ದಾರಿಯೂ ಇದೆ.

ಪ್ರಯೋಗವೇ ಬೇಕೆಂದರೆ ಉಪಕರಣ ಇರುವಲ್ಲಿಗೆ ಹೋಗಬೇಕು. ಕ್ವಾಂಟಮ್ ಮಿಷನ್ನಿಗೆ ಸಚಿವ ಸಂಪುಟ 2023ರ ಏಪ್ರಿಲ್ 19ರಂದು 6,003.65 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅದರ ನಾಲ್ಕು ಹಬ್‌ಗಳಲ್ಲಿ ಕ್ವಾಂಟಮ್ ಸಂವಹನದ್ದು ಐಐಟಿ ಮದ್ರಾಸಿನಲ್ಲಿ, ದಿಲ್ಲಿಯ ಸಿ-ಡಾಟ್ ಎಂಬ ದೂರಸಂಪರ್ಕ ಸಂಶೋಧನಾ ಸಂಸ್ಥೆಯ ಜೊತೆಗೂಡಿ ನಡೆಯುತ್ತದೆ. ಐಐಎಸ್‌ಸಿಯದ್ದು ಕಂಪ್ಯೂಟಿಂಗ್ ಹಬ್. ರಾಮನ್ ಸಂಶೋಧನಾ ಸಂಸ್ಥೆ ಇಸ್ರೋ ಜೊತೆ ಉಪಗ್ರಹದ ಮೂಲಕ ಕೀಲಿ ಹಂಚುವ ಕೆಲಸದಲ್ಲಿದೆ. ಐಐಟಿ ದಿಲ್ಲಿ ಡಿಆರ್‌ಡಿಒ ಜೊತೆ 2022ರಲ್ಲಿ ಪ್ರಯಾಗರಾಜ್–ವಿಂಧ್ಯಾಚಲ ನಡುವೆ, ನೂರು ಕಿಲೋಮೀಟರಿಗೂ ಉದ್ದದ ವಾಣಿಜ್ಯ ಫೈಬರಿನಲ್ಲಿ ಕ್ಯೂಕೆಡಿ ಮಾಡಿ ತೋರಿಸಿತು. ಅಹಮದಾಬಾದಿನ ಪಿಆರ್‌ಎಲ್ (ಭೌತ ಸಂಶೋಧನಾ ಪ್ರಯೋಗಾಲಯ) ಬಯಲು ಗಾಳಿಯಲ್ಲಿ ಫೋಟಾನು ಕಳಿಸುವುದರಲ್ಲಿ ಕೈಪಳಗಿದೆ.

ಪ್ರಯೋಗಶಾಲೆ ನೋಡಲು ಹೋದಾಗ ಸಂಕೋಚವಿಲ್ಲದೆ ಕೇಳಿ: ಸೂಪರ್‌ಕಂಡಕ್ಟಿಂಗ್ ನ್ಯಾನೋವೈರ್ ಡಿಟೆಕ್ಟರ್ ಇದೆಯೇ, ಎಷ್ಟು ಚಾನೆಲ್? ಅದಕ್ಕೆ 3 ಕೆಲ್ವಿನ್‌ಗಿಂತ ಕೆಳಗಿನ ಚಳಿ ಬೇಕು. ಹೀಲಿಯಮ್ ಕಂಪ್ರೆಸರಿಗೆ ಮೂರು ಫೇಸಿನ ಕರೆಂಟು, ತಣ್ಣೀರು ಎರಡೂ ನಿಲ್ಲಬಾರದು. ಕರೆಂಟು ಹೋಗಿ ಬೆಚ್ಚಗಾದರೆ ಮತ್ತೆ ತಣಿಯಲು ಒಂದು ದಿನ ಹೋದಂತೆಯೇ. ಜನರೇಟರ್ ಇದೆಯೇ ಎಂಬ ಪ್ರಶ್ನೆ ಸಣ್ಣದಲ್ಲ. ಕಟ್ಟಡದ ಹೊರಗೆ ಹೋಗುವ ಖಾಲಿ ಫೈಬರ್, ಅಂದರೆ ಬೇರೆ ದತ್ತಾಂಶ ಹರಿಯದ ಡಾರ್ಕ್ ಫೈಬರ್, ಸಿಕ್ಕಿದೆಯೇ? ಒಂದೇ ಎಳೆಯಲ್ಲಿ ಸಾಮಾನ್ಯ ಇಂಟರ್ನೆಟ್ ಓಡುತ್ತಿದ್ದರೆ ರಾಮನ್ ಚದುರುವಿಕೆಯ, ಅಂದರೆ ಗಾಜಿನಲ್ಲಿ ಬಣ್ಣ ಬದಲಿಸಿ ಚದುರಿದ, ಫೋಟಾನುಗಳು ನಿಮ್ಮ ಡಿಟೆಕ್ಟರನ್ನು ತುಂಬುತ್ತವೆ. ಬೆಂಗಳೂರಿನಲ್ಲೇ ಬಹುಕಾಲ ಕೆಲಸ ಮಾಡಿದ ಸಿ.ವಿ. ರಾಮನ್ನರ ಹೆಸರು ಇಲ್ಲಿ ಗದ್ದಲದ ರೂಪದಲ್ಲಿ ಎದುರಾಗುತ್ತದೆ ಎಂದು ಪ್ರಯೋಗಶಾಲೆಗಳಲ್ಲಿ ತಮಾಷೆ ಮಾಡುವುದುಂಟು. ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು ಎಂದು ಗೈಡನ್ನಲ್ಲ, ವಿದ್ಯಾರ್ಥಿಗಳನ್ನೇ ಕೇಳಿ.

ಪತ್ರದ ಮಾತು. ‘ರೆಸ್ಪೆಕ್ಟೆಡ್ ಸರ್, ಕ್ವಾಂಟಮ್ ಬಗ್ಗೆ ತೀವ್ರ ಆಸಕ್ತಿ ಇದೆ’ ಎಂಬ ಒಂದೇ ಪತ್ರವನ್ನು ನಲವತ್ತು ಜನಕ್ಕೆ ಕಳಿಸಿದರೆ ಯಾರೂ ಉತ್ತರಿಸುವುದಿಲ್ಲ. ಅವರ ಒಂದು ಪ್ರಬಂಧ ಪೂರ್ತಿ ಓದಿ, ಅದರ ಒಂದು ಚಿತ್ರವನ್ನೋ ಕೋಷ್ಟಕವನ್ನೋ ನೀವೇ ಮತ್ತೆ ಲೆಕ್ಕ ಹಾಕಿ. ಹೊಂದಿದರೆ ಹೊಂದಿತೆಂದು, ಹೊಂದದಿದ್ದರೆ ಎಲ್ಲಿ ಹೊಂದಲಿಲ್ಲವೆಂದು ಎರಡು ಸಾಲಿನಲ್ಲಿ ಬರೆಯಿರಿ. ನಿಮ್ಮ ಪರೀಕ್ಷೆಯ ಅಂಕ, ಫೆಲೋಶಿಪ್ ಇದೆಯೋ ಇಲ್ಲವೋ, ಯಾವ ಸೆಮಿಸ್ಟರಿಗೆ ಸೇರಬಲ್ಲಿರಿ ಎಂಬುದು ಮೂರನೇ ಸಾಲು. ಒಟ್ಟು ಹತ್ತು ಸಾಲು ಮೀರದಿರಲಿ. ಎರಡು ವಾರ ಕಾದು ಒಮ್ಮೆ ಮಾತ್ರ ನೆನಪಿಸಿ.

ಪ್ರಶ್ನೆ: ಯುರೋಪಿನಲ್ಲಿ ಪಿಎಚ್‌.ಡಿ.ಗೆ ಸಂಬಳ ಕೊಡುತ್ತಾರಂತೆ, ಹೌದೇ? ಬಿ.ಇ. ಸಾಕೇ?
– ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಹೌದು. ನೆದರ್ಲೆಂಡ್ಸಿನಲ್ಲಿ ಅದು ನಾಲ್ಕು ವರ್ಷದ ನೌಕರಿಯೇ. ಅಲ್ಲಿನ ಡೆಲ್ಫ್ಟ್ ಗುಂಪು 2021ರಲ್ಲಿ ವಜ್ರದ ದೋಷಬಿಂದುಗಳನ್ನು ಬಳಸಿ ಮೂರು ನಿಲ್ದಾಣದ ನೆಟ್‌ವರ್ಕ್ ಕಟ್ಟಿತು. ಸ್ಪೇನಿನ ಐಸಿಎಫ್‌ಒ ಸಂಶೋಧನಾ ಸಂಸ್ಥೆ ಹರಳಿನ ಮೆಮೊರಿಗೆ ಹೆಸರಾದದ್ದು. ಆದರೆ ಯುರೋಪಿನ ಬಹುತೇಕ ಕಡೆ ಸ್ನಾತಕೋತ್ತರ ಪದವಿ ಕೇಳುತ್ತಾರೆ, ಬಿ.ಇ. ಸಾಲುವುದಿಲ್ಲ. ಬಿ.ಇ. ಮೇಲೆ ನೇರ ಪಿಎಚ್‌.ಡಿ. ಬೇಕೆಂದರೆ ಅಮೆರಿಕ ನೋಡಿ. ಅಲ್ಲಿ ಅರಿಝೋನಾ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2020ರಿಂದ ಕ್ವಾಂಟಮ್ ನೆಟ್‌ವರ್ಕುಗಳ ಕೇಂದ್ರ ನಡೆಯುತ್ತಿದೆ. ಅರ್ಜಿ ಹೆಚ್ಚಾಗಿ ಡಿಸೆಂಬರಿನಲ್ಲಿ, ಐದಾರು ವರ್ಷದ ಹಾದಿ. ಯುರೋಪಿನ ಹುದ್ದೆಗಳಿಗೆ ಋತು ಇಲ್ಲ, ಯಾವಾಗ ಬೇಕಾದರೂ ಬರುತ್ತವೆ.

ಮೇರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್ ಎಂಬ ಐರೋಪ್ಯ ಒಕ್ಕೂಟದ ಯೋಜನೆಯ ಹುದ್ದೆಗಳಿಗೆ ಒಂದು ನಿಯಮ: ಸೇರುವ ಮುಂಚಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಜರ್ಮನಿಯಲ್ಲಿ ಎರಡು ವರ್ಷ ಎಂ.ಎಸ್. ಮಾಡಿದ ಕೂಡಲೇ ಜರ್ಮನಿಯ ಹುದ್ದೆಗೆ ಹಾಕಿದರೆ ಅನರ್ಹ, ಪಕ್ಕದ ಆಸ್ಟ್ರಿಯಾದ ಹುದ್ದೆಗೆ ಅರ್ಹ. ಊರಿಂದ ನೇರ ಹೋಗುವವರಿಗೆ ಈ ತೊಡಕಿಲ್ಲ.

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನೌಕರಿ ಬಿಡದೆ ಮಾಡಬಹುದೇ? ಒಬ್ಬರು ದುಡ್ಡು ಕೊಟ್ಟರೆ ಪ್ರಬಂಧ ‘ಹಾಕಿಸಿಕೊಡುತ್ತೇನೆ’ ಎನ್ನುತ್ತಿದ್ದಾರೆ.
– ಉಪನ್ಯಾಸಕಿ, ಹಾವೇರಿ

ಉತ್ತರ: ಎರಡನೆಯದಕ್ಕೆ ಬೇಡ. ಈ ಕ್ಷೇತ್ರ ಚಿಕ್ಕದು. ಬಲ್ಲವರು ಒಂದು ಪುಟ ಓದಿದರೆ ಯಾರು ಬರೆದದ್ದು ಎಂದು ಗೊತ್ತಾಗುತ್ತದೆ, ಒಮ್ಮೆ ಹಿಂತೆಗೆದ ಪ್ರಬಂಧ ಹೆಸರಿಗೆ ಅಂಟಿಕೊಂಡೇ ಇರುತ್ತದೆ.

ಮೊದಲನೆಯದಕ್ಕೆ, ಆಗುತ್ತದೆ. ಯುಜಿಸಿಯ 2022ರ ನಿಯಮಗಳು ಅರೆಕಾಲಿಕ ಪಿಎಚ್‌.ಡಿ.ಗೆ ಅವಕಾಶ ಕೊಟ್ಟಿವೆ. ಓದಲು ಅನುಮತಿ ಇದೆ, ಕೆಲಸದ ನಡುವೆ ಸಮಯ ಸಿಗುತ್ತದೆ, ಬೇಕಾದಾಗ ಕೋರ್ಸ್‌ವರ್ಕಿಗೆ ಬಿಡುಗಡೆ ಮಾಡುತ್ತೇವೆ ಎಂದು ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ಬೇಕು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಮರುನೋಂದಣಿಯಿಂದ ಇನ್ನೆರಡು. ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷದ ಸಡಿಲಿಕೆ ಇದೆ. ಸ್ನಾತಕೋತ್ತರದಲ್ಲಿ 55% ಇರಬೇಕು.

ವಿಷಯ ಮಾತ್ರ ಪ್ರಯೋಗದ್ದಾಗದಿರಲಿ. ಮುಂಜಾನೆ ಹೊಂದಿಸಿದ ಕನ್ನಡಿ ಸಂಜೆಗೆ ಕದಲಿರುತ್ತದೆ. ವಾರಕ್ಕೊಮ್ಮೆ ಬಂದವರು ವಾರವಾರವೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಕ್ಯೂಕೆಡಿಯ ಭದ್ರತಾ ಲೆಕ್ಕಗಳು ನಿಮಗೆ ಹೊಂದುತ್ತವೆ. ಆರಂಭಕ್ಕೆ ಒಂದು ಅಭ್ಯಾಸ: ಮಂದ ಲೇಸರಿನಲ್ಲಿ ಒಂದು ಪಲ್ಸಿಗೆ ಸರಾಸರಿ 0.1 ಫೋಟಾನು ಇಟ್ಟರೆ ಪಾಯ್ಸಾನ್ ಲೆಕ್ಕದಲ್ಲಿ 90.5% ಪಲ್ಸು ಖಾಲಿ, 9% ಒಂಟಿ ಫೋಟಾನು, 0.47% ಒಂದಕ್ಕಿಂತ ಹೆಚ್ಚು. ಕೀಲಿ ಕದಿಯುವವನು ಆ 0.47ರಲ್ಲೇ ಒಂದೊಂದನ್ನು ಎತ್ತಿಟ್ಟುಕೊಳ್ಳುತ್ತಾನೆ. ಗದಗದವರೆಗಿನ 60 ಕಿ.ಮೀ. ಸೋರಿಕೆಯನ್ನೂ ಕೂಡಿಸಿ ನೋಡಿ. ಕಳಿಸಿದ ಪಲ್ಸುಗಳಲ್ಲಿ ಆಚೆ ತುದಿಗೆ ಮುಟ್ಟುವುದು ಸುಮಾರು 0.63%, ಅಂದರೆ ಕದ್ದ ಪಾಲಿಗಿಂತ ಸ್ವಲ್ಪವೇ ಹೆಚ್ಚು. ಡಿಕಾಯ್ ಪಲ್ಸುಗಳನ್ನು, ಅಂದರೆ ಕಳ್ಳನನ್ನು ಪತ್ತೆಹಚ್ಚಲು ಬೇರೆ ಪ್ರಖರತೆಯಲ್ಲಿ ಕಳಿಸುವ ಪಲ್ಸುಗಳನ್ನು, ಏಕೆ ಬೆರೆಸುತ್ತಾರೆ ಎಂಬುದು ಇಲ್ಲಿಂದ ತಾನಾಗಿ ಹೊಳೆಯುತ್ತದೆ. ಈ ಲೆಕ್ಕವನ್ನು ಹಾವೇರಿಯ 75 ಕಿ.ಮೀ.ಗೆ ನೀವೇ ಹಾಕಿ. ಅಲ್ಲಿ ಮುಟ್ಟುವ ಪಾಲು ಕದ್ದ ಪಾಲಿಗಿಂತ ಕೆಳಗಿಳಿಯುತ್ತದೆ.